ಟ್ರೈನರ್ ಆಯ್ತು, ಮುಂದೆ ಯಾವ ವಿಮಾನ ಕಟ್ಟಲಿ? ಸ್ಟಿಕ್, ಕಬ್, ಇಲ್ಲಾ ನಮ್ಮ ಎಚ್‌ಟಿ-2?

ಬನಶಂಕರಿ ಪೈಲಟ್:

ಎಂಟು ತಿಂಗಳಿಂದ ಒಂದೇ ರಿಮೋಟ್ ಮಾಡೆಲ್ ವಿಮಾನ ಹಾರಿಸುತ್ತಿದ್ದೇನೆ, ಕಲಿಯುವವರ ಟ್ರೈನರ್. ಫೋಮ್ ಬೋರ್ಡ್ ಕತ್ತರಿಸಿ, ಹಾಟ್ ಗ್ಲೂ ಹಾಕಿ ನಾನೇ ಮಾಡಿದ್ದು. ಮೂರು ಚಾನೆಲ್ (ರಿಮೋಟಿನಿಂದ ಮೂರೇ ನಿಯಂತ್ರಣ), ರೆಕ್ಕೆ ಮೇಲಿದೆ, ಏಲೆರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂಬದಿಯ ಪಟ್ಟಿ) ಇಲ್ಲ, ತಿರುಗಿಸುವುದೆಲ್ಲ ಬಾಲದ ರಡರ್‌ನಲ್ಲೇ. 2212 ಸೈಜಿನ ಮೋಟಾರ್, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 30 ಆಂಪ್ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಕ), 3ಎಸ್ (ಮೂರು ಸೆಲ್) 2200 ಎಂಎಎಚ್ ಬ್ಯಾಟರಿ, ಫ್ಲೈಸ್ಕೈ ಐ6 ರಿಮೋಟ್. ಎಲ್ಲ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳಲ್ಲಿ ಅಲೆದು ತಂದದ್ದು. ಮೂಗು ನಾಲ್ಕು ಸಲ ಮುರಿದಿದೆ, ಈಗ ಅದರಲ್ಲಿ ಫೋಮ್‌ಗಿಂತ ಬ್ರೌನ್ ಟೇಪೇ ಜಾಸ್ತಿ. ಆದರೆ ಹತ್ತು ಸಲದಲ್ಲಿ ಒಂಬತ್ತು ಸಲ ನಾನು ಅಂದುಕೊಂಡ ಜಾಗದಲ್ಲೇ ಇಳಿಯುತ್ತದೆ. ಹಾಗಾಗಿ ಸ್ವಲ್ಪ ಬೇಜಾರು ಶುರುವಾಗಿದೆ.

ಈ ಸಲ ಬಾಲ್ಸಾ (ತುಂಬಾ ಹಗುರದ ಮರ) ಕಿಟ್ ಕಟ್ಟಬೇಕು ಅಂತ ಆಸೆ. ರೆಡಿ ವಿಮಾನ ಬೇಡ. ರಾತ್ರಿ ಊಟ ಆದ ಮೇಲೆ ಒಂದೊಂದು ಗಂಟೆ ಕೂತು ಕಟ್ಟುವುದೇ ನನಗೆ ಅರ್ಧ ಖುಷಿ. ಮನಸ್ಸಲ್ಲಿ ಮೂರು ಇವೆ. ಒಂದು, ಅಗ್ಲಿ ಸ್ಟಿಕ್ ತರಹದ್ದು, 1.2 ಮೀಟರ್ ರೆಕ್ಕೆ, ಲೇಸರ್‌ನಲ್ಲಿ ಕತ್ತರಿಸಿದ ಕಿಟ್. ಎರಡು, ಹಳದಿ ಪೈಪರ್ ಕಬ್, ಅಮೆರಿಕದ ಹಳೇ ಪುಟ್ಟ ವಿಮಾನದ ಮಾಡೆಲ್. ಮೂರನೆಯದು ಹೇಳಿದರೆ ನಗಬೇಡಿ, ಎಚ್‌ಎಎಲ್‌ನ ಹಳೇ ತರಬೇತಿ ವಿಮಾನ ಎಚ್‌ಟಿ-2. ಅದಕ್ಕೆ ಕಿಟ್ ಸಿಗಲಿಲ್ಲ, ನಾನೇ ಡ್ರಾಯಿಂಗ್ ಮಾಡಬೇಕು. ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು, ಕಿರಣ್ ಮಾರ್ಕ್ 2 ಜೆಟ್ ಕಟ್ಟುತ್ತಿದ್ದ ಕಾಲದವರು. ಹಳೇ ಏರ್‌ಪೋರ್ಟ್ ರಸ್ತೆಯ ಮ್ಯೂಸಿಯಂಗೆ ಕರೆದುಕೊಂಡು ಹೋದಾಗ ಮಾರುತ್ ಫೈಟರ್ ಮುಂದೆ ಎರಡು ನಿಮಿಷ ನಿಂತರು, ಎಚ್‌ಟಿ-2 ಮುಂದೆ ಇಪ್ಪತ್ತು ನಿಮಿಷ. ಅವತ್ತಿಂದ ಇದು ತಲೆಯಲ್ಲಿ ಕೂತಿದೆ.

ಬಜೆಟ್ ರಿಮೋಟ್ ಬಿಟ್ಟು 15 ಸಾವಿರದ ಒಳಗೆ. ಹಾರಿಸುವುದು ಕನಕಪುರ ರಸ್ತೆ ಆಚೆ, ಪರಿಚಯದವರ ಖಾಲಿ ಜಮೀನಿನಲ್ಲಿ, ಒಂದು ಕಡೆ ನೀಲಗಿರಿ ತೋಪು, ಇನ್ನೊಂದು ಕಡೆ ರಾಗಿ ಹೊಲ. ಹೋಗುವುದು ಸ್ಕೂಟರ್‌ನಲ್ಲಿ. ಯಾವುದು ಕಟ್ಟಲಿ?

ಸ್ಟಿಕ್ ಮಾಮ:

ನೋಡಪ್ಪ, ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಕೊನೇ ಎರಡು ಸಾಲಲ್ಲೇ ಇದೆ. ಖಾಲಿ ಜಮೀನು, ತೋಪು, ಸ್ಕೂಟರ್. ಎಲ್ಲರೂ ವಿಮಾನದ ಫೋಟೋ ನೋಡಿ ಕಿಟ್ ಆರಿಸುತ್ತಾರೆ. ನಾನೂ ಹಾಗೇ ಮಾಡಿ ಒಂದು ಸ್ಪಿಟ್‌ಫೈರ್ ಕಟ್ಟಿದ್ದೆ, ಎರಡನೇ ವಿಮಾನವಾಗಿ. ನಾಲ್ಕು ತಿಂಗಳು ಕಟ್ಟಿದೆ, ಹಾರಿದ್ದು ಮೂರೂವರೆ ನಿಮಿಷ. ಇಳಿಸುವಾಗ ನಿಧಾನ ಮಾಡೋಣ ಅಂತ ಮೂಗು ಎತ್ತಿದೆ, ಎಡ ರೆಕ್ಕೆ ತಟ್ಟನೆ ಬಿತ್ತು, ನೆಲಕ್ಕೆ ಎರಡು ಆಳು ಎತ್ತರ ಇತ್ತು ಅಷ್ಟೇ. ಆ ಮೊಟ್ಟೆಯಾಕಾರದ ರೆಕ್ಕೆಯಲ್ಲಿ ಒಂದೊಂದು ರಿಬ್ಬೂ (ರೆಕ್ಕೆಯೊಳಗಿನ ಅಡ್ಡ ಪಟ್ಟಿ) ಬೇರೆ ಬೇರೆ ಅಳತೆ. ಮುರಿದ ಏಳು ರಿಬ್ ಮತ್ತೆ ಕತ್ತರಿಸಬೇಕು ಅಂದರೆ ಡ್ರಾಯಿಂಗ್ ಹುಡುಕು, ಟ್ರೇಸ್ ಮಾಡು. ಅದು ಇನ್ನೂ ಅಟ್ಟದ ಮೇಲಿದೆ. ಹೆಂಡತಿ ಪ್ರತಿ ದೀಪಾವಳಿ ಕ್ಲೀನಿಂಗ್‌ಗೂ ಕೇಳುತ್ತಾಳೆ.

ಸ್ಟಿಕ್ ಯಾಕೆ ಹೇಳುತ್ತೇನೆ ಅಂದರೆ, ಅದರ ರೆಕ್ಕೆ ಮಂಚದ ಹಲಗೆ ಇದ್ದ ಹಾಗೆ, ಈ ತುದಿಯಿಂದ ಆ ತುದಿಗೆ ಅಗಲ ಒಂದೇ. ರಿಬ್ ಎಲ್ಲ ಒಂದೇ ಅಚ್ಚು. ಒಂದು ಮುರಿದರೆ ಪಕ್ಕದ್ದನ್ನು ನೋಡಿ ಕತ್ತರಿಸು, ಅರ್ಧ ಗಂಟೆ ಕೆಲಸ. ಫಿಲ್ ಕ್ರಾಫ್ಟ್ ಅನ್ನುವವರು 1960ರ ದಶಕದಲ್ಲಿ ಮಾಡಿದ ಡಿಸೈನ್, ಇವತ್ತಿಗೂ ಜನ ಕಟ್ಟುತ್ತಾರೆ. ನೋಡಲು ಚೆಂದ ಇಲ್ಲ, ಹೆಸರಲ್ಲೇ ಇದೆ. ಆದರೆ ಏಲೆರಾನ್ ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎತ್ತ ತಿರುಗಿಸಿದೆಯೋ ಅತ್ತ ಇರುತ್ತದೆ. ನಿನ್ನ ಟ್ರೈನರ್ ಹಾಗೆ ತಾನಾಗಿ ಸಮ ಆಗುವುದಿಲ್ಲ, ಅದನ್ನು ಮಾತ್ರ ಮೊದಲೇ ತಲೆಗೆ ಹಾಕಿಕೋ. ಕೈ ಬಿಟ್ಟರೆ ಸರಿ ಹೋಗುತ್ತದೆ ಅನ್ನುವ ಅಭ್ಯಾಸ ಇದ್ದರೆ ಮೊದಲ ವಾರ ಕಷ್ಟ.

ಕಬ್ ಬಗ್ಗೆ ಎಲ್ಲರಿಗೂ ಒಂದು ತಪ್ಪು ಕಲ್ಪನೆ. ನಿಧಾನ, ಸಾಧು, ಅಂತ. ಏಲೆರಾನ್ ಕೊಟ್ಟರೆ ಕೆಳಗೆ ಇಳಿದ ಏಲೆರಾನ್ ಕಡೆ ಎಳೆತ ಜಾಸ್ತಿ ಆಗಿ ಮೂಗು ಉಲ್ಟಾ ದಿಕ್ಕಿಗೆ ಓಡುತ್ತದೆ. ಜೊತೆಗೆ ರಡರ್ ಕೊಡದಿದ್ದರೆ ಅಡ್ಡಡ್ಡ ಜಾರಿಕೊಂಡು ತಿರುಗುತ್ತದೆ. ನೆಲದ ಮೇಲೂ ಹಿಂದೆ ಪುಟ್ಟ ಚಕ್ರ ಇರುವುದರಿಂದ ಗಿರಕಿ ಹೊಡೆಯುತ್ತದೆ, ಉಬ್ಬು ತಗ್ಗಿನ ಜಮೀನಲ್ಲಿ ಮುಗ್ಗರಿಸಿ ಪ್ರೊಪೆಲ್ಲರ್ ಮುರಿಯುತ್ತದೆ. ರಡರ್‌ನಲ್ಲೇ ಹಾರಿಸಿದವನು ನೀನು, ಬೇರೆಯವರಿಗಿಂತ ಬೇಗ ಹಿಡಿತ ಸಿಗಬಹುದು. ಆದರೂ ಅದು ಮೂರನೇ ವಿಮಾನ.

ಬ್ರೌನ್ ಟೇಪ್ ಭಕ್ತ:

ಗುರು, ಕಿಟ್‌ಗೆ ದುಡ್ಡು ಸುರಿಯುವ ಮುಂಚೆ ಒಂದು ಮಾತು. ಫೋಮ್ ಬೋರ್ಡ್‌ನಲ್ಲೇ ನಾಲ್ಕು ಚಾನೆಲ್ ಒಂದು ಮಾಡು. ಫ್ಲೈಟ್ ಟೆಸ್ಟ್ ಅನ್ನುವ ಅಮೆರಿಕದ ಮಾಡೆಲ್ ತಂಡದವರ ಪ್ಲಾನ್‌ಗಳು ಪುಕ್ಕಟೆ ಸಿಗುತ್ತವೆ, ನಿನ್ನ ಹತ್ತಿರ ಇರುವ ಅದೇ ಮೋಟಾರ್, ಅದೇ ಬ್ಯಾಟರಿ ಸಾಕು, ಎರಡು 9 ಗ್ರಾಂ ಸರ್ವೋ (ಏಲೆರಾನ್ ಆಡಿಸುವ ಪುಟ್ಟ ಮೋಟಾರ್) ಜಾಸ್ತಿ ಬೇಕು ಅಷ್ಟೇ. ಆದರೆ ಅಮೆರಿಕದಲ್ಲಿ ಅವರು ಬಳಸುವ ಬೋರ್ಡ್ ತುಂಬಾ ಹಗುರ. ನಮ್ಮ ಸ್ಟೇಷನರಿ ಅಂಗಡಿಯ ಬೋರ್ಡ್‌ನಲ್ಲಿ ಪೇಪರ್ ದಪ್ಪ, ಅದೇ ಪ್ಲಾನ್ ಕಟ್ಟಿದರೆ ತೂಕ ಏರುತ್ತದೆ. ಒಳಗಡೆಯ ಪೇಪರ್ ಸುಲಿದು ಹಾಕು. ಸನ್‌ಬೋರ್ಡ್ ಅಂತ ಕೊಟ್ಟರೆ ಮಾತ್ರ ಬೇಡ ಅನ್ನು, ಅದು ಅಂಗಡಿ ಬೋರ್ಡ್ ಬರೆಯಲು ಸರಿ, ಹಾರಲು ಅಲ್ಲ.

ಏಲೆರಾನ್ ಕಲಿಯುವಾಗ ಹೇಗೂ ಎರಡು ಸಲ ಬೀಳುತ್ತದೆ. ಬೀಳುವುದು ಇನ್ನೂರು ರೂಪಾಯಿ ಬೋರ್ಡ್ ಆಗಿರಲಿ, ನೀನು ಎರಡು ತಿಂಗಳು ನಿದ್ದೆಗೆಟ್ಟು ಕಟ್ಟಿದ ಬಾಲ್ಸಾ ಯಾಕೆ? ಇನ್ನೊಂದು, ಸಿಮ್ಯುಲೇಟರ್. ಐ6ಗೆ ಯುಎಸ್‌ಬಿ ಕೇಬಲ್ ಸಿಗುತ್ತದೆ, ಪಿಕಾಸಿಮ್ ಅಂತ ಫ್ರೀ ಸಿಮ್ಯುಲೇಟರ್ ಇದೆ. ವಿಮಾನ ನಿನ್ನ ಕಡೆ ಮುಖ ಮಾಡಿ ಬರುವಾಗ ಎಡ ಬಲ ಉಲ್ಟಾ ಆಗುತ್ತದಲ್ಲ, ಅದನ್ನು ಕಂಪ್ಯೂಟರ್ ಮುಂದೆ ಕೂತು ನೂರು ಸಲ ಬೀಳಿಸಿ ಕಲಿ.

ಹದ್ದಿನ ಹಿಂದೆ:

ಯಾರೂ ಗ್ಲೈಡರ್ ಹೆಸರೇ ಎತ್ತಲಿಲ್ಲ, ಆಶ್ಚರ್ಯ! ನಾನು ಎರಡನೇ ವಿಮಾನವಾಗಿ ಕಟ್ಟಿದ್ದು 2 ಮೀಟರ್ ಬಾಲ್ಸಾ ಗ್ಲೈಡರ್, ಮೂಗಲ್ಲಿ ಮಡಚುವ ಪ್ರೊಪೆಲ್ಲರ್. ಮೇಲೆ ಹೋಗಲು ಇಪ್ಪತ್ತು ಮೂವತ್ತು ಸೆಕೆಂಡ್ ಮೋಟಾರ್, ಆಮೇಲೆ ಆಫ್. ಒಂದೇ ಬ್ಯಾಟರಿಯಲ್ಲಿ ಮುಕ್ಕಾಲು ಗಂಟೆ ಹಾರಿಸಿದ್ದೇನೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಳಿಗ್ಗೆ ಹತ್ತು ಗಂಟೆ ದಾಟಿದರೆ ಇಲ್ಲಿ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ಎಲ್ಲಿ ಏಳುತ್ತದೆ ಅಂತ ಹುಡುಕುವ ತಲೆನೋವು ನಮಗಿಲ್ಲ, ಬೆಂಗಳೂರಲ್ಲಿ ಹದ್ದುಗಳಿಗೇನು ಬರವೇ? ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತಿವೆಯೋ ಅಲ್ಲಿಗೆ ನಾವೂ ಹೋಗಿ ಅದೇ ದಿಕ್ಕಿಗೆ ಸುತ್ತುವುದು. ಒಂದು ಸಲ ನಾನೂ ಎರಡು ಹದ್ದೂ ಒಂದೇ ಸುತ್ತಿನಲ್ಲಿ ಹತ್ತು ನಿಮಿಷ ಇದ್ದೆವು. ಆ ಹತ್ತು ನಿಮಿಷಕ್ಕೆ ಸ್ಟಿಕ್‌ನ ಎಲ್ಲಾ ಲೂಪ್ ರೋಲ್ ಬಿಟ್ಟುಕೊಡುತ್ತೇನೆ. ಮರಿ ಮಾಡುವ ಕಾಲದಲ್ಲಿ ಮಾತ್ರ ಹುಷಾರು, ಗೂಡು ಇರುವ ತೋಪಿನ ಹತ್ತಿರ ಹೋದರೆ ಕಾಲು ಚಾಚಿ ಎರಗುತ್ತವೆ. ನನ್ನ ಗ್ಲೈಡರ್‌ನ ಬಾಲದಲ್ಲಿ ಇನ್ನೂ ಉಗುರಿನ ತೂತು ಇದೆ.

ಮತ್ತೆ ತಮ್ಮಾ, ಯಾವುದೇ ಕಟ್ಟು, ಈಗ ಕಟ್ಟಲು ಶುರು ಮಾಡಿ ಆಷಾಢದಲ್ಲಿ ಮೊದಲ ಹಾರಾಟ ಅಂತ ಇಟ್ಟುಕೊಳ್ಳಬೇಡ. ಆ ಗಾಳಿಗೆ ಗಾಳಿಪಟ ಸರಿ.

ಬನಶಂಕರಿ ಪೈಲಟ್:

ಅಕ್ಕಾ, ಹದ್ದಿನ ಕಥೆ ಓದಿ ಮನಸ್ಸು ಗಲಿಬಿಲಿ ಆಯ್ತು! ಆದರೆ 2 ಮೀಟರ್ ರೆಕ್ಕೆ ಸ್ಕೂಟರ್‌ನಲ್ಲಿ ಹೇಗೆ ತರಲಿ? ಈಗಿನ ಫೋಮ್ ವಿಮಾನವನ್ನೇ ಅಪ್ಪ ಹಿಂದೆ ಕೂತು ಅಡ್ಡ ಹಿಡಿದುಕೊಂಡು ಬರುತ್ತಾರೆ, ಬನಶಂಕರಿ ಸಿಗ್ನಲ್‌ನಲ್ಲಿ ಆಟೋದವರು "ಟೇಕಾಫ್ ಯಾವಾಗ ಸಾರ್" ಅಂತ ಕೇಳುತ್ತಾರೆ.

ಮಾಮ, ಇರುವ 2212 ಮೋಟಾರನ್ನೇ ಸ್ಟಿಕ್‌ಗೆ ಹಾಕಬಹುದಾ? ಬ್ಯಾಟರಿನೂ ಅದೇ ಇದ್ದರೆ ದುಡ್ಡು ಉಳಿಯುತ್ತದೆ.

ಸ್ಟಿಕ್ ಮಾಮ:

ಬ್ಯಾಟರಿ ಸರಿ, ಮೋಟಾರ್ ಸಾಲದು. ಲೆಕ್ಕ ಸುಲಭ. 1.2 ಮೀಟರ್ ರೆಕ್ಕೆ, 25 ಸೆಂಟಿಮೀಟರ್ ಅಗಲ ಅಂತ ಇಟ್ಟುಕೋ, 30 ಚದರ ಡೆಸಿಮೀಟರ್ ಆಯ್ತು. ತೂಕ ಎಲ್ಲ ಸೇರಿ 1.2 ಕಿಲೋ ಒಳಗೆ ನಿಲ್ಲಿಸಿದರೆ ಒಂದು ಚದರ ಡೆಸಿಮೀಟರ್‌ಗೆ 40 ಗ್ರಾಂ. ಅದು ಒಳ್ಳೆಯ ಲೆಕ್ಕ. ಇಂಥ ವಿಮಾನಕ್ಕೆ ಕಿಲೋಗೆ 200ರಿಂದ 220 ವ್ಯಾಟ್ ಇದ್ದರೆ ಮೈಚಳಿ ಬಿಟ್ಟು ಹಾರುತ್ತದೆ, ಅಂದರೆ 250 ವ್ಯಾಟ್ ಸುತ್ತಮುತ್ತ. ನಿನ್ನ 2212ನಿಂದ 150 ಬಂದರೆ ಹೆಚ್ಚು. 3536 ಸೈಜಿನ ಮೋಟಾರ್, 900-1000 ಕೆವಿ, 40 ಆಂಪ್ ಇಎಸ್‌ಸಿ ತಗೋ. ಪೂರ್ತಿ ಥ್ರಾಟಲ್‌ನಲ್ಲಿ 24 ಆಂಪ್ ಹತ್ತಿರ ಎಳೆದರೆ 2200 ಬ್ಯಾಟರಿ, ಐದನೇ ಒಂದು ಭಾಗ ಉಳಿಸಿಕೊಂಡರೆ, ನಾಲ್ಕೂವರೆ ನಿಮಿಷ. ಆದರೆ ಯಾರೂ ಪೂರ್ತಿ ಥ್ರಾಟಲ್‌ನಲ್ಲೇ ಹಾರಿಸುವುದಿಲ್ಲ, ಏಳೆಂಟು ನಿಮಿಷ ಸಿಗುತ್ತದೆ.

ತೂಕದ ಬಗ್ಗೆ ಇಷ್ಟು ಕೊರೆಯುವುದಕ್ಕೆ ಕಾರಣ ನಮ್ಮ ಊರು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ನೂರಕ್ಕೆ ಎಂಟೊಂಬತ್ತು ಭಾಗ ತೆಳು. ಕಿಟ್ ಡಬ್ಬಿ ಮೇಲೆ ಬರೆದಿರುವುದು ಯಾವುದೋ ಕಡಲ ತೀರದಲ್ಲಿ ಹಾರಿಸಿದವರ ಅನುಭವ. ಅದೇ ವಿಮಾನ ಇಲ್ಲಿ ನೂರಕ್ಕೆ ನಾಲ್ಕೈದರಷ್ಟು ಜಾಸ್ತಿ ವೇಗದಲ್ಲಿ ಇಳಿಯುತ್ತದೆ, ಪ್ರೊಪೆಲ್ಲರ್ ಎಳೆತವೂ ಸ್ವಲ್ಪ ಕಮ್ಮಿ. ಏಪ್ರಿಲ್ ಮಧ್ಯಾಹ್ನದಲ್ಲಿ ಇನ್ನೂ ಕಮ್ಮಿ. ಹಗುರ ಕಟ್ಟಿದವನಿಗೆ ಇದು ಗೊತ್ತೇ ಆಗುವುದಿಲ್ಲ. ಎಪಾಕ್ಸಿ ಸುರಿದವನಿಗೆ ಗೊತ್ತಾಗುತ್ತದೆ. ಎಪಾಕ್ಸಿ ಮೋಟಾರ್ ಗೋಡೆಗೂ ಚಕ್ರದ ಕಟ್ಟಿಗೂ ಮಾತ್ರ. ಉಳಿದಿದ್ದಕ್ಕೆಲ್ಲ ಮರದ ಫೆವಿಕಾಲ್, ತೆಳ್ಳಗೆ. ಒಣಗಲು ರಾತ್ರಿ ಬೇಕು, ನಿನಗೆ ಹೇಗೂ ದಿನಕ್ಕೆ ಒಂದೇ ಗಂಟೆ ಅಲ್ವಾ. ಫೆವಿಕ್ವಿಕ್ ಕಲ್ಲಾಗುತ್ತದೆ, ಮೇಲೆ ಮರಳು ಕಾಗದ ಉಜ್ಜಿದರೆ ಅಕ್ಕಪಕ್ಕದ ಬಾಲ್ಸಾ ಸವೆದು ಹಳ್ಳ ಬೀಳುತ್ತದೆ.

ಕಟ್ಟುವ ಹಲಗೆ ನೆಟ್ಟಗಿರಲಿ. ನಾನು ಹಳೇ ಫ್ಲಶ್ ಡೋರ್ ಇಟ್ಟುಕೊಂಡಿದ್ದೇನೆ. ಪ್ಲಾನ್ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗುಂಡುಸೂಜಿ ಚುಚ್ಚಿ ಕಟ್ಟು. ರೆಕ್ಕೆ ಒಂದು ತುದಿ ತಿರುಚಿಕೊಂಡರೆ ಯಾವ ಟ್ರಿಮ್‌ನಲ್ಲೂ (ರಿಮೋಟಿನ ಸಣ್ಣ ಹೊಂದಾಣಿಕೆ) ಸರಿ ಹೋಗುವುದಿಲ್ಲ.

ನಕ್ಷೆ ನೋಡ್ರಪ್ಪ:

ಮಧ್ಯೆ ಬಾಯಿ ಹಾಕುತ್ತೇನೆ. ಜಾಗದ ಮಾತು ಬಂತು, ನಕ್ಷೆಯ ಮಾತು ಬರಲಿಲ್ಲ. ನಮ್ಮ ಊರಿನ ಸುತ್ತ ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು, ಇಷ್ಟು ವಿಮಾನ ಇಳಿಯುವ ಜಾಗ ಇವೆ. ಉತ್ತರ, ಪೂರ್ವದ ಕಡೆ ಖಾಲಿ ಕೆರೆ ಅಂಗಳ ಕಂಡ ತಕ್ಷಣ ಹಾರಿಸುವ ಕಾಲ ಹೋಯ್ತು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಮೀನು ಹಸಿರು, ಹಳದಿ, ಕೆಂಪು ಯಾವುದರಲ್ಲಿದೆ ನೋಡಿ. ಹಸಿರಲ್ಲಿ 400 ಅಡಿವರೆಗೆ ಪರವಾಗಿಲ್ಲ, ಆದರೆ ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ಒಳಗೆ ಬಂದರೆ ಹಸಿರು 200 ಅಡಿಗೇ ಮುಗಿಯುತ್ತದೆ.

2021ರ ಡ್ರೋನ್ ನಿಯಮದಲ್ಲಿ ನಮ್ಮಂಥ ಹವ್ಯಾಸದ ಮಾಡೆಲ್‌ಗಳಿಗೆ ಬೇರೆ ಗುಂಪೇ ಇದೆ, ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸಬೇಕು, ಟೈಪ್ ಸರ್ಟಿಫಿಕೇಟ್ (ವಿಮಾನದ ಮಾದರಿಗೆ ಸರ್ಕಾರದ ಒಪ್ಪಿಗೆ) ಬೇಡ. 2 ಕಿಲೋ ಒಳಗಿನದ್ದನ್ನು ದುಡ್ಡು ಮಾಡಲು ಅಲ್ಲದೆ ಸುಮ್ನೆ ಖುಷಿಗೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟೂ ಬೇಡ. ಹಾಗಾಗಿ ಕಿಟ್ ಆರಿಸುವಾಗ ಆ 2 ಕಿಲೋ ಗೆರೆ ನೆನಪಿಡಿ. ಹದ್ದಿನ ಹಿಂದೆ ಹೋಗುವ ಅಕ್ಕನಿಗೂ ಒಂದು ಮಾತು, ಹದ್ದಿಗೆ 400 ಅಡಿ ಲೆಕ್ಕ ಇಲ್ಲ, ನಿಮಗೆ ಇದೆ!

ಹದ್ದಿನ ಹಿಂದೆ:

ಗೊತ್ತು ಸಾರ್, ಅದಕ್ಕೇ ಎತ್ತರ ಅಳೆಯುವ ಪುಟ್ಟ ಸೆನ್ಸರ್ ಹಾಕಿಸಿಕೊಂಡಿದ್ದೇನೆ. ಅದು ಕುಂಯ್ ಅಂದ ತಕ್ಷಣ ಹದ್ದಿಗೆ ಟಾಟಾ.

ತಮ್ಮಾ, ಸ್ಕೂಟರ್ ವಿಷಯಕ್ಕೆ: ಸ್ಟಿಕ್ಕೇ ಆಗಲಿ ಗ್ಲೈಡರ್ರೇ ಆಗಲಿ, ರೆಕ್ಕೆಯನ್ನು ಎರಡು ತುಂಡಾಗಿ ಕಟ್ಟು. ಮಧ್ಯೆ ಅಲ್ಯೂಮಿನಿಯಂ ಕೊಳವೆ, ಎರಡು ಕಡೆಯಿಂದ ತೂರಿಸಿ ರಬ್ಬರ್ ಬ್ಯಾಂಡ್ ಹಾಕುವುದು. ನಲವತ್ತು ಐವತ್ತು ಗ್ರಾಂ ಜಾಸ್ತಿ ಆಗುತ್ತದೆ, ಆಗಲಿ. ಅಪ್ಪನ ಕೈ ನೋವು ತಪ್ಪುತ್ತದೆ. ಎರಡೂ ಅರ್ಧಕ್ಕೆ ಹಳೇ ಬೆಡ್‌ಶೀಟ್‌ನಲ್ಲಿ ಚೀಲ ಹೊಲಿಸು. ಬ್ಯಾಟರಿ ಸೀಟಿನ ಕೆಳಗೆ ಹಾಕಿ ಬಿಸಿಲಲ್ಲಿ ನಿಲ್ಲಿಸಬೇಡ. ಫುಲ್ ಚಾರ್ಜ್ ಮಾಡಿ ವಾರಗಟ್ಟಲೆ ಇಡಲೂಬೇಡ, ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡು. ನನ್ನದೊಂದು ಇಡ್ಲಿ ಉಬ್ಬಿದ ಹಾಗೆ ಉಬ್ಬಿತ್ತು.

ಬ್ರೌನ್ ಟೇಪ್ ಭಕ್ತ:

ಎಚ್‌ಟಿ-2 ಬಗ್ಗೆ ಯಾರೂ ಮಾತಾಡಲಿಲ್ಲ, ಹುಡುಗನ ಮನಸ್ಸಿರುವುದೇ ಅಲ್ಲಿ.

ಸ್ಟಿಕ್ ಮಾಮ:

ಬೇಕೆಂದೇ ಬಿಟ್ಟಿದ್ದೆ. ಸರಿ, ಹೇಳುತ್ತೇನೆ. ಎಚ್‌ಎಎಲ್ ಡಿಸೈನರ್ ವಿ.ಎಂ. ಘಾಟಗೆ ಅವರ ತಂಡ ಡಿಸೈನ್ ಮಾಡಿದ್ದು, ಮೊದಲ ಹಾರಾಟ 1951ರ ಆಗಸ್ಟ್ 5, ಇದೇ ಊರಲ್ಲಿ. ನಿಜವಾದ ರೆಕ್ಕೆ 10.72 ಮೀಟರ್. ಏಳನೇ ಒಂದು ಭಾಗಕ್ಕೆ ಇಳಿಸಿದರೆ 1.53 ಮೀಟರ್, 2 ಕಿಲೋ ಗೆರೆಯ ಒಳಗೇ ಕಟ್ಟಬಹುದು. ಸ್ಥಿರ ಚಕ್ರ, ಮಡಚುವ ಗೋಜಿಲ್ಲ. ಹಿಂದೆ ಮುಂದೆ ಎರಡು ಸೀಟಿನ ಉದ್ದ ಕ್ಯಾನಪಿ, ಅದನ್ನು ತೆಗೆದರೆ ಬ್ಯಾಟರಿ ಒಳಗೆ ಹಾಕಲು ದಾರಿ. ಮಾಡೆಲ್‌ಗೆ ಹೇಳಿ ಮಾಡಿಸಿದ ಆಕಾರ. ಇಷ್ಟು ವರ್ಷದಲ್ಲಿ ನಾನ್ಯಾಕೆ ಕಟ್ಟಲಿಲ್ಲ ಅಂತ ಈಗ ಬರೆಯುವಾಗ ಅನ್ನಿಸುತ್ತಿದೆ.

ಆದರೆ ರೆಕ್ಕೆ ಕೆಳಗೆ, ಚಕ್ರ ಹಿಂದೆ. ಕಬ್‌ನ ನೆಲದ ತುಂಟತನ, ಸ್ಟಿಕ್‌ನ ಕೈಬಿಡಬೇಡ ಅನ್ನುವ ಸ್ವಭಾವ, ಎರಡೂ ಸೇರಿದ್ದು. ಜೊತೆಗೆ ನಿನ್ನದೇ ಡ್ರಾಯಿಂಗ್. ಹಾರದಿದ್ದರೆ ತಪ್ಪು ನಿನ್ನ ಕೈಯದೋ ಡ್ರಾಯಿಂಗಿನದೋ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲು ಸ್ಟಿಕ್. ಒಂದು ವರ್ಷ ಹಾರಿಸು, ಕಡೇ ಕಡೆಗೆ ಅದರ ಮೂಗಿನ ಚಕ್ರ ಬಿಚ್ಚಿ ಹಿಂದೆ ಹಾಕಿ ಅಭ್ಯಾಸ ಮಾಡು. ಆ ಮೋಟಾರ್, ಇಎಸ್‌ಸಿ, ಸರ್ವೋ ನಾಳೆ ಬಿಚ್ಚಿ ಎಚ್‌ಟಿ-2ಗೆ ಹಾಕಬಹುದು, ಬ್ಯಾಟರಿ ಮಾತ್ರ 4ಎಸ್ ಆಗಬೇಕು, ಪ್ರೊಪೆಲ್ಲರ್ ಒಂದು ಸೈಜ್ ಚಿಕ್ಕದು.

ಮೊದಲ ಹಾರಾಟದ ದಿನ ಎರಡೇ ಕೆಲಸ ಮರೆಯಬೇಡ. ರೆಕ್ಕೆ ಅಗಲದ ಮುಂದಿನಿಂದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಬೆರಳಿಟ್ಟು ಎತ್ತಿ ತೂಗು, ಮೂಗು ಒಂಚೂರು ಕೆಳಗಿರಲಿ. ಮತ್ತೆ ಹಿಂದೆ ನಿಂತು ರಿಮೋಟಿನ ಸ್ಟಿಕ್ ಬಲಕ್ಕೆ ತಳ್ಳು, ಬಲಗಡೆ ಏಲೆರಾನ್ ಮೇಲೇಳಬೇಕು. ಉಲ್ಟಾ ಇದ್ದದ್ದನ್ನು ನೋಡದೆ ಎಸೆದವನು ನಾನು, ಅದೂ ಮೂವತ್ತು ವರ್ಷ ಹಾರಿಸಿದ ಮೇಲೆ.

ಬನಶಂಕರಿ ಪೈಲಟ್:

ಎಲ್ಲರಿಗೂ ಥ್ಯಾಂಕ್ಸ್. ಸ್ಟಿಕ್ ಕಿಟ್ ನಿನ್ನೆ ಬಂತು, ಇಲ್ಲೇ ಲೇಸರ್ ಕಟ್ ಮಾಡುವವರ ಹತ್ತಿರ, ರೆಕ್ಕೆ ಎರಡು ತುಂಡು ಮಾಡಿಸಿದೆ. ಅದು ಮುಗಿಯುವವರೆಗೆ ಭಕ್ತರು ಹೇಳಿದ ಹಾಗೆ ಹಳೇ ಮೋಟಾರ್ ಹಾಕಿ ಒಂದು ಫೋಮ್ ನಾಲ್ಕು ಚಾನೆಲ್. ಸಿಮ್ಯುಲೇಟರ್‌ನಲ್ಲಿ ನಿನ್ನೆ ಒಂದೇ ರಾತ್ರಿ ಹದಿನೇಳು ಸಲ ಬಿದ್ದೆ. ನಕ್ಷೆ ನೋಡಿದೆ, ಜಮೀನು ಹಸಿರಲ್ಲಿದೆ.

ಅಪ್ಪ ಡಬ್ಬಿ ಬಿಚ್ಚಿ ಒಂದು ಬಾಲ್ಸಾ ಹಾಳೆ ಎತ್ತಿ ನೋಡಿದರು. ಉಗುರಲ್ಲಿ ಒತ್ತಿದರು, ಗುರುತು ಬಿತ್ತು. "ಇದಕ್ಕೆ ರಿವೆಟ್ ಹೊಡೆಯೋಕೆ ಆಗಲ್ವಲ್ಲೋ" ಅಂದರು. ಫೆವಿಕಾಲ್ ಅಂತ ಹೇಳಿದ್ದಕ್ಕೆ ಅರ್ಧ ದಿನ ಮಾತಾಡಲಿಲ್ಲ. ಸಂಜೆ ಬಂದು ಫ್ಲಶ್ ಡೋರ್ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಮಾಮ, ಎರಡೂವರೆ ಅಡಿ ಅಗಲದ್ದು ಸಾಕಾ, ಇಲ್ಲಾ ಮೂರು ಅಡಿ ಬೇಕಾ?

ಸ್ಟಿಕ್ ಮಾಮ:

ಎರಡೂವರೆ ಸಾಕು. ಉದ್ದ ಆರು ಅಡಿ ಇರಲಿ, ಎಚ್‌ಟಿ-2 ರೆಕ್ಕೆಗೂ ಅದೇ ಆಗುತ್ತದೆ.